ಒದ್ದೆ ಕೊಡೆಗಳಿಗೆ ನಾನು ಎದುರು ಬಂದದ್ದು

ತುಂಗಾ, ರೋರಿ,

ಹೋದ ಭಾನುವಾರ ಫೋನಿನಲ್ಲಿ ನೀವಿಬ್ಬರೂ ಒಟ್ಟಿಗೇ ಮಾತಾಡಿದ್ದರಿಂದ ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧ ಇದು: ಅಪ್ಪನ ಬ್ಯಾಂಡಿನ ದೊಡ್ಡ ಕಾರ್ಯಕ್ರಮದ ದಿನ ಅಜ್ಜಿ ಪೆಟ್ಟಿಗೆಗಳ ಹಿಂದೆ ಅಡಗಿ ಕೂತಿದ್ದಳಂತೆ, ಹೌದಾ? ಹೌದು. ಆದರೆ ನಿಮ್ಮಪ್ಪ ಈ ಕಥೆ ಹೇಳುವಾಗ ವರ್ಷದಿಂದ ವರ್ಷಕ್ಕೆ ಪೆಟ್ಟಿಗೆಗಳ ಸಂಖ್ಯೆ ಏರುತ್ತಿದೆ ಎಂದು ನಿಮ್ಮಮ್ಮ ಹೇಳಿದಳು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಸಂಕೋಚ. ಕಾಗದಕ್ಕೆ ಹೇಳಬಹುದು, ಅದು ನಡುವೆ ನಗುವುದಿಲ್ಲ.

ಕೊಪ್ಪ

ನಿಮ್ಮ ಅಜ್ಜ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದರು. ಮದುವೆ, ಯಕ್ಷಗಾನ, ಚುನಾವಣೆ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಅವರದೇ ಮೈಕು. ಕೆಲಸ ಮುಗಿದು ಬಂದ ವಯರುಗಳನ್ನು ಒರೆಸಿ ಸುತ್ತಿಡುವುದು ನನ್ನ ಪಾಲು. "ಮೊಣಕೈಗೆ ಸುತ್ತಬೇಡ. ಮೊಣಕೈಗೆ ಸುತ್ತಿದ ವಯರು ಎರಡನೇ ಮದುವೆಗೆ ಬರೋದಿಲ್ಲ" ಅನ್ನುತ್ತಿದ್ದರು. ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ, ವಯರು ತಿರುಚಿಕೊಳ್ಳದ ಹಾಗೆ. ನನಗೆ ಬರುವ ವಿದ್ಯೆ ಅದೊಂದು. ನರಸಿಂಹರಾಜಪುರದ ಹತ್ತಿರ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಮೈಕಿನ ಮನೆಗೆ ಬಂದವಳು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮೈಕಿಗೆ ಬಾಯಿ ಕೊಟ್ಟವಳಲ್ಲ.

ಒಂದು ಸಲ ಭಂಡಿಗಡಿಯ ಮದುವೆಯಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಮೈಕು ಮೂಕಾಯಿತು. ಹುಡುಗಿಯ ಮಾವ ಸಿಟ್ಟಿನಲ್ಲಿ ಬಂದು, "ನಿಮ್ಮ ಟೆಂಪೋ ಹೊರಡುವಾಗ ಆ ಮೇಲಿನ ಮನೆಯ ವಿಧವೆ ಎದುರು ಬಂದಿದ್ದಳಂತೆ. ಮತ್ತೆಂತ ಆಗ್ತದೆ?" ಎಂದರು. ನಿಮ್ಮ ಅಜ್ಜ ಚಪ್ಪರದ ಕೆಳಗಿಂದ ವಯರು ಎಳೆದು ತೋರಿಸಿದರು. "ಇಲಿ ಕಡಿದಿದೆ ನೋಡಿ. ವಯರಿಗೆ ಕಣ್ಣಿಲ್ಲ ಮಾರಾಯ್ರೆ, ಅದು ಯಾರ ಮುಖವನ್ನೂ ನೋಡೋದಿಲ್ಲ." ಮನೆಗೆ ಬಂದು ಇದನ್ನು ಹೇಳಿದಾಗ ನಾನು ನಕ್ಕಿದ್ದೆ.

ಆಮೇಲೆ ನಿಮ್ಮ ಅಜ್ಜ ತೀರಿಹೋದರು. ಮೈಕ್‌ಸೆಟ್ಟನ್ನು ಶೃಂಗೇರಿಯ ಒಬ್ಬರು ಕೊಂಡರು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ನಾನು ಹಿತ್ತಿಲಿಗೆ ಹೋಗಿ ನಿಲ್ಲತೊಡಗಿದೆ. ಹಾಗೆ ಮಾಡು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಂಡ ಸತ್ತ ನಮ್ಮ ಅತ್ತೆಯ ಅಕ್ಕ ಜೀವಮಾನವಿಡೀ ಹಾಗೆ ನಿಂತದ್ದನ್ನು ನೋಡಿದ್ದೆ, ಕಾಲಿಗೆ ದಾರಿ ಗೊತ್ತಿತ್ತು. ನಾನು ನಕ್ಕಿದ್ದ ಆ ವಯರಿನ ಮಾತು ಮರೆತುಹೋಗಿತ್ತು.

ನಿಮ್ಮಮ್ಮ ವಿದ್ಯಾ ಪಾಚಿಯ ಬಗ್ಗೆ ಓದಲು ಸ್ಕಾಟ್ಲೆಂಡಿಗೆ ಹೋದಳು. ನಮ್ಮ ಬಚ್ಚಲ ಗೋಡೆಯ ಮೇಲೆ ಇಷ್ಟು ಬೆಳೆಯುವಾಗ ಅಷ್ಟು ದೂರ ಯಾಕೆ ಎಂದು ನಾನು ಕೇಳಲಿಲ್ಲ. ಎರಡು ವರ್ಷದ ಮೇಲೆ ಅಲ್ಲೇ ರಿಜಿಸ್ಟರ್ ಮದುವೆಯಾಗಿ ಫೋಟೋ ಕಳಿಸಿದಳು. ಫೋಟೋದಲ್ಲಿ ಅಳಿಯ ಬಾಗಿಲಿಗಿಂತ ಎತ್ತರ. ಪಕ್ಕದ ಮನೆಯ ಜಲಜಕ್ಕ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಳಿಯ ಎಂತ ಮಾಡೋದು?"

"ಡ್ರಮ್ ಬಾರಿಸೋದು."

"ಅದು ಸರಿ ಮಾರಾಯ್ತಿ. ಕೆಲಸ ಎಂತ ಅಂದೆ?"

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಆ ಪ್ರಶ್ನೆಯನ್ನು ಕಟ್ಟಿಕೊಂಡೇ ನಾನು ವಿಮಾನ ಹತ್ತಿದೆ. ಶೃಂಗೇರಿಯ ಪ್ರಸಾದ, ಒಣಗಿಸಿದ ಕರಿಬೇವು, ಒಂದು ಸ್ವೆಟರು ಜೊತೆಗಿದ್ದವು.

ಗ್ಲಾಸ್ಗೋ, ಮೂರನೇ ಮಹಡಿ

ನಿಮ್ಮಪ್ಪ ಕ್ಯಾಲಮ್ ನನಗಾಗಿ ಒಂದು ಕನ್ನಡ ವಾಕ್ಯ ಕಲಿತಿದ್ದ. "ಊಟ ಆಯ್ತಾ?" ವಿಮಾನ ನಿಲ್ದಾಣದಲ್ಲಿ ಕೇಳಿದ. ಬೆಳಿಗ್ಗೆ ಎದ್ದಾಗ ಕೇಳಿದ. ನಾನು ಸ್ನಾನ ಮುಗಿಸಿ ಬರುವಾಗ ಕೇಳಿದ. ಊಟ ಮಾಡುತ್ತಿರುವಾಗಲೂ ಕೇಳಿದ. ಅಳಿಯನಿಗೆ ಬಹುವಚನ ಕೊಡಬೇಕೆಂದು ನಾನು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಆದರೆ ಟೆಲಿಫೋನ್ ಡೈರೆಕ್ಟರಿಗಳನ್ನು ಮಂಚದ ಮೇಲೆ ಪೇರಿಸಿ ಕೋಲಿನಿಂದ ಬಾರಿಸುವ ಮನುಷ್ಯನಿಗೆ ಎಷ್ಟು ದಿನ ಬಹುವಚನ ಕೊಡಲು ಸಾಧ್ಯ? ಹತ್ತನೇ ದಿನಕ್ಕೆ ಬಿಟ್ಟೆ.

ಆ ಊರಿನ ಜನ ಒಳ್ಳೆಯವರು. ನಾವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಬಿಸಿಲು ಬಂದರೆ ಮಾತ್ರ ಅವರನ್ನು ಹಿಡಿಯಲಿಕ್ಕಿಲ್ಲ. ನಾನು ಸ್ವೆಟರಿನ ಗುಂಡಿ ಹಾಕಿಕೊಳ್ಳುವಂಥ ಬಿಸಿಲಿಗೆ ಅವರೆಲ್ಲ ಅಂಗಿ ತೆಗೆದು ಪಾರ್ಕಿನ ಹುಲ್ಲಿನ ಮೇಲೆ ಸಾಲಾಗಿ ಮಲಗುತ್ತಾರೆ, ನಾವು ಅಡಿಕೆ ಒಣಹಾಕಿದ ಹಾಗೆ. ಸಂಜೆಯ ಹೊತ್ತಿಗೆ ಬೇಯಿಸಿದ ಅಡಿಕೆಯ ಬಣ್ಣವೂ ಬಂದಿರುತ್ತದೆ. ಹತ್ತು ಗಂಟೆಯಾದರೂ ಕತ್ತಲಾಗುವುದಿಲ್ಲ. ದೀಪ ಹಚ್ಚುವ ಹೊತ್ತು ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಬ್ಯಾಂಡಿನ ಹೆಸರು 'ವೆಟ್ ಅಂಬ್ರೆಲಾಸ್', ಅಂದರೆ ಒದ್ದೆ ಕೊಡೆಗಳು. ನಮ್ಮಲ್ಲಿ ಒದ್ದೆ ಕೊಡೆಯನ್ನು ಜಗಲಿಯಲ್ಲೇ ಬಿಟ್ಟು ಬರಬೇಕು, ಒಳಗೆ ತಂದರೆ ಬೈಗುಳ. ಇವರು ಅದನ್ನೇ ಹೆಸರು ಮಾಡಿಕೊಂಡಿದ್ದರು. ಒಟ್ಟು ನಾಲ್ವರು. ಹಾಡುವವಳು ಐಲ್ಸಾ, ಕೂದಲು ನಮ್ಮ ರಥಪುಷ್ಪದ ಹೂವಿನ ಹಾಗೆ ಕೆಂಪು. ಡ್ರಮ್ಮಿಗೆ ಕ್ಯಾಲಮ್. ಗಿಟಾರಿನವರು ಇಬ್ಬರು ಅಣ್ಣ ತಮ್ಮ, ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಸಂಕೋಚದಲ್ಲಿ ನನ್ನ ಜಾತಿ. ಇವರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಊರೂರು ತಿರುಗಿಸುವವನು ಡೂಗಿ. ಅವನಿಗೆ ಗಡಿಯಾರವೇ ದೇವರು.

"ಇವರದು ಯಾವ ಜಾತಿಯ ಸಂಗೀತ?" ಎಂದು ವಿದ್ಯಾಳನ್ನು ಕೇಳಿದೆ.

"ಆಲ್ಟರ್ನೇಟಿವ್ ರಾಕ್ ಅಂತ. ಅಂದ್ರೆ ಎಲ್ಲರೂ ಕೇಳೋದು ಒಂದು ಇರ್ತದಲ್ಲಾ ಅಮ್ಮ, ಅದಲ್ಲ."

"ಹಾಗಾದ್ರೆ ಇವರದನ್ನು ಕೇಳೋದು ಯಾರು?"

ವಿದ್ಯಾ ಬಟ್ಟೆ ಮಡಚತೊಡಗಿದಳು. ಮಡಚುತ್ತಲೇ ನಿಜ ಹೇಳಿದಳು. ಏಳು ವರ್ಷದಿಂದ ಬಾರಿಸುತ್ತಿದ್ದಾರೆ, ಕೇಳುವವರು ಸಾಕಷ್ಟಿಲ್ಲ. ಕ್ಯಾಲಮ್ ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟು ನಾದಿ ಸಂಜೆ ಡ್ರಮ್ ಬಾರಿಸುತ್ತಾನೆ. ಈ ಬೇಸಿಗೆಯಲ್ಲಿ ಏನೂ ಆಗದಿದ್ದರೆ ಡ್ರಮ್ಮನ್ನು ಮಾರಿ ಅವನಪ್ಪನ ಮೀನಿನ ಅಂಗಡಿಯಲ್ಲಿ ನಿಲ್ಲುತ್ತಾನಂತೆ. "ಅವನೇ ಹೇಳಿದ್ದು ಅಮ್ಮ. ನಾನು ಹೇಳಲಿಲ್ಲ. ಆದ್ರೆ ಡ್ರಮ್ಮಿಲ್ಲದ ಅವನನ್ನು ನಾನು ನೋಡಿಲ್ಲ, ಹೇಗಿರ್ತಾನೋ."

ಮೈಕ್‌ಸೆಟ್ಟು ಶೃಂಗೇರಿಯ ಜೀಪು ಹತ್ತಿದ ದಿನ ನಮ್ಮ ಅಂಗಡಿಯ ಗೋಡೆ ಹೇಗೆ ಕಂಡಿತ್ತೆಂದು ನನಗೆ ಗೊತ್ತಿತ್ತು.

ಎಡಿನ್‌ಬರೋ, ನೆಲಮಾಳಿಗೆ

ಮರುದಿನ ಮಧ್ಯಾಹ್ನ ಅವರು ಎಡಿನ್‌ಬರೋದ ಕಾರ್ಯಕ್ರಮಕ್ಕೆ ಹೊರಟಿದ್ದರು. ನಾನು ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿ, ಬಿಸಿಯಿರುವಾಗಲೇ ಕೊಡಬೇಕೆಂದು ಓಡಿದೆ. ಮೆಟ್ಟಿಲ ತಿರುವಿನಲ್ಲಿ ಅವರನ್ನು ಹಿಂದೆ ಹಾಕಿ ತಿರುಗಿದವಳು ನಾಲ್ವರಿಗೂ ಸರಿಯಾಗಿ ಎದುರು ಬಂದೆ. ಐಲ್ಸಾ ಡಬ್ಬಿ ತೆಗೆದುಕೊಂಡು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಕ್ಯಾಲಮ್ ಊಟ ಆಯ್ತಾ ಎಂದ. ಅವರ ಸದ್ದು ಬೀದಿಗಿಳಿದ ಮೇಲೆ ನನಗೆ ಏನು ಮಾಡಿದೆನೆಂದು ಹೊಳೆಯಿತು. ಹೊರಟವರಿಗೆ ವಿಧವೆ ಎದುರು ಬಂದಿದ್ದೆ.

ವಿದ್ಯಾ ಮತ್ತು ನಾನು ಆಮೇಲೆ ರೈಲಿನಲ್ಲಿ ಹೋದೆವು. ಕಾರ್ಯಕ್ರಮ ಒಂದು ಹೆಂಡದಂಗಡಿಯ ನೆಲಮಾಳಿಗೆಯಲ್ಲಿ. ನಾನು ಅಂಥಲ್ಲಿ ಕೂತದ್ದನ್ನು ಜಲಜಕ್ಕನಿಗೆ ಇವತ್ತಿಗೂ ಹೇಳಿಲ್ಲ, ನೀವೂ ಹೇಳಬೇಡಿ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಕೇಳಲು ಬಂದವರು ಒಂಬತ್ತು ಮಂದಿ. ಅದರಲ್ಲೂ ಒಬ್ಬ ಉದ್ದ ಕೋಟಿನವನು ಶೌಚಾಲಯ ಹುಡುಕಿಕೊಂಡು ಇಳಿದವನು, ದಾರಿ ತಪ್ಪಿ ನಿಂತುಕೊಂಡ. ಮೂರನೇ ಹಾಡಿಗೆ ಆಂಪ್ಲಿಫೈಯರಿನಿಂದ ಹೊಗೆ ಬಂತು. ಆ ಸುಟ್ಟ ವಾಸನೆ ನಮ್ಮ ಅಂಗಡಿಯದೇ. ಐಲ್ಸಾ ಮೈಕಿಲ್ಲದೆ ಎರಡು ಹಾಡು ಹೇಳಿದಳು. ಅಲ್ಲಿಗೆ ಮುಗಿಯಿತು.

ಸಾಮಾನು ಕಟ್ಟುವಾಗ ಅವಳು ವಯರನ್ನು ಮೊಣಕೈಗೆ ಸುತ್ತುತ್ತಿದ್ದಳು. ನನಗೆ ಮಾತು ಬಾರದಿದ್ದರೂ ಕೈ ತಡೆಯಲಿಲ್ಲ. ಅವಳಿಂದ ತೆಗೆದುಕೊಂಡು, ಒಂದು ಮೇಲೆ ಒಂದು ಕೆಳಗೆ ಸುತ್ತಿ, ತುದಿ ಹಿಡಿದು ನೆಲಕ್ಕೆ ಬೀಸಿದೆ. ವಯರು ಒಂದು ಗಂಟೂ ಇಲ್ಲದೆ ಗೋಡೆಯವರೆಗೆ ಹಾಸಿಕೊಂಡಿತು. ಡೂಗಿ ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ. ಅಂದಿನಿಂದ ವಯರೆಲ್ಲ ನನ್ನದಾಯಿತು. ಆದರೆ ಹೊಗೆ ಯಾರಿಂದ ಬಂತು ಎಂಬುದು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡೆ.

ಮತ್ತೆ ಗ್ಲಾಸ್ಗೋ

ಅವತ್ತಿನಿಂದ ಅವರು ಹೊರಡುವ ಸೂಚನೆ ಸಿಕ್ಕಿದ ಕೂಡಲೇ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಆ ಮನೆಗೆ ಹಿತ್ತಿಲಿಲ್ಲವಲ್ಲ. ವಿದ್ಯಾ ನನಗೆ ಹೊಟ್ಟೆ ಸರಿಯಿಲ್ಲವೆಂದು ಎಣಿಸಿ ಔಷಧಿ ತಂದಳು. ಕುಡಿದೆ. ಮಗಳಿಗೆ ನಿಜ ಹೇಳುವುದಕ್ಕಿಂತ ಅದೇ ಸುಲಭ.

ನಾನು ಚಿಲಕ ಹಾಕಿಕೊಂಡ ಮೂರನೇ ವಾರದಲ್ಲಿ ಅವರ ಒಂದು ಹಾಡು ರೇಡಿಯೋದಲ್ಲಿ ಬಂತು. ಬಾರದ ಬಸ್ಸಿಗೆ ಕಾಯುತ್ತ ಕೂತ ಒಬ್ಬನ ಹಾಡು. ನನಗೆ ಇಂಗ್ಲಿಷ್ ಅರ್ಥವಾಗದಿದ್ದರೂ ಕೊಪ್ಪದ ಬಸ್‌ಸ್ಟ್ಯಾಂಡು ಚೆನ್ನಾಗಿ ಅರ್ಥವಾಗುತ್ತದೆ. ಮೊದಲು ವಾರಕ್ಕೊಮ್ಮೆ ಬಂತು, ಆಮೇಲೆ ದಿನಕ್ಕೆರಡು ಸಲ. ಒಂದು ದಿನ ಅಂಗಡಿಯಲ್ಲಿ ಮೊಸರು ಆರಿಸುತ್ತಿದ್ದಾಗ ತಲೆಯ ಮೇಲಿನಿಂದ ಅಳಿಯನ ಡ್ರಮ್ಮು ಕೇಳಿಸಿತು. ಸುತ್ತ ಎಲ್ಲರೂ ತಮ್ಮ ಪಾಡಿಗೆ ಟೊಮೆಟೊ ಒತ್ತಿ ನೋಡುತ್ತಿದ್ದರು. ನನಗೆ ಮಾತ್ರ ಮೊಸರಿನ ಡಬ್ಬಿ ಹಿಡಿದುಕೊಂಡು ನಿಂತಲ್ಲೇ ಅಳು ಬಂತು. ಒಬ್ಬ ಮುದುಕ ಕ್ಷಮೆ ಕೇಳಿದ.

ನೆಲಮಾಳಿಗೆಯಿಂದ ಹಾಲಿಗೆ, ಹಾಲಿನಿಂದ ಇನ್ನೂ ದೊಡ್ಡ ಹಾಲಿಗೆ. ಒಂಬತ್ತು ಮಂದಿ ಇದ್ದಲ್ಲಿ ಈಗ ಬಾಗಿಲು ಮುಚ್ಚಿ ವಾಪಸು ಕಳಿಸುವಷ್ಟು. ತಮಾಷೆಯೆಂದರೆ ಹಳಬರಿಗೆ ಕೋಪ ಬಂತು. ವರ್ಷಗಳಿಂದ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬ ಗಡ್ಡದವನು ಕ್ಯಾಲಮ್‌ನನ್ನು ಹಿಡಿದು, "ನೀವು ಈಗ ಎಲ್ಲರ ಹಾಗೆ ಆಗಿಬಿಟ್ಟಿರಿ" ಎಂದನಂತೆ. ನಮ್ಮಲ್ಲೂ ಒಂದು ಹೋಟೆಲಿನ ಕಡುಬು ಹೆಸರಾದರೆ ಸಾಕು, ಹಳೆಯ ಗಿರಾಕಿಗಳು "ಮೊದಲಿನ ಹಾಗಿಲ್ಲ ಬಿಡಿ" ಎನ್ನುತ್ತ ಮೂರನೇ ತಟ್ಟೆ ತರಿಸುತ್ತಾರೆ. ಗಡ್ಡದವನೂ ಮುಂದಿನ ಕಾರ್ಯಕ್ರಮಕ್ಕೆ ಮುಂದಿನ ಸಾಲಿನಲ್ಲೇ ಇದ್ದ.

ಇದೆಲ್ಲ ನನ್ನ ಚಿಲಕದಿಂದ ಎಂದು ನಾನು ನಂಬಿದ್ದೆ. ಆದ್ದರಿಂದ ಒಂದು ದಿನವೂ ತಪ್ಪಿಸಲಿಲ್ಲ.

ಬಯಲು

ನಾನು ವಾಪಸು ಬರುವ ಹಿಂದಿನ ವಾರ ಬಯಲಿನಲ್ಲಿ ಮೂರು ದಿನದ ಸಂಗೀತೋತ್ಸವ. ದೊಡ್ಡ ವೇದಿಕೆಯಲ್ಲಿ ಬಾರಿಸಬೇಕಿದ್ದ ಒಂದು ಹೆಸರಾಂತ ತಂಡದ ಹಾಡುಗಾರನ ಗಂಟಲು ಕಟ್ಟಿ, ಸಂಜೆ ಐದರ ಆ ಹೊತ್ತು ಒದ್ದೆ ಕೊಡೆಗಳಿಗೆ ಸಿಕ್ಕಿತು. ಅದನ್ನು ಟಿವಿಯಲ್ಲೂ ತೋರಿಸುತ್ತಾರೆ. ಚೆನ್ನಾದರೆ ಕ್ಯಾಲಮ್ ಬೇಕರಿ ಬಿಡಬಹುದು. ಕೆಟ್ಟರೆ ದೇಶಕ್ಕೆಲ್ಲ ಗೊತ್ತಾಗುವ ಹಾಗೆ ಕೆಡುತ್ತದೆ, ಮತ್ತೆ ಮೀನಿನ ಅಂಗಡಿ. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನನ್ನನ್ನು ಊಟ ಆಯ್ತಾ ಎಂದೂ ಕೇಳಿರಲಿಲ್ಲ.

ಎರಡು ದಿನದ ಮಳೆಗೆ ಬಯಲು ಗೊಚ್ಚೆಯಾಗಿತ್ತು. ಅಲ್ಲಿನವರು ಜಾರಿ ಬಿದ್ದು ಎದ್ದು ಮತ್ತೆ ಬೀಳುತ್ತಿದ್ದರು. ನಾನು ನಟ್ಟಿ ಗದ್ದೆಯಲ್ಲಿ ನಡೆಯುವ ಹಾಗೆ ಸೀರೆ ಎತ್ತಿ ಸಿಕ್ಕಿಸಿ, ಹಿಮ್ಮಡಿ ಊರದೆ ನಡೆದೆ. ಡೂಗಿ ನನ್ನ ತೋಳು ಹಿಡಿದದ್ದು ನನಗೆ ಆಸರೆ ಕೊಡಲಿಕ್ಕಲ್ಲ. ಜನವೋ, ಶೃಂಗೇರಿಯ ಹತ್ತು ನವರಾತ್ರಿಯ ಜನವನ್ನು ಒಂದರ ಪಕ್ಕ ಒಂದು ಇಟ್ಟ ಹಾಗೆ. ಸ್ಪೀಕರುಗಳನ್ನು ನಮ್ಮ ಬಸ್‌ಸ್ಟ್ಯಾಂಡಿಗಿಂತ ಎತ್ತರ ಪೇರಿಸಿದ್ದರು. ನಿಮ್ಮ ಅಜ್ಜ ಇದ್ದಿದ್ದರೆ ಅದರ ಕೆಳಗೇ ಚಾಪೆ ಹಾಸಿ ಕೂರುತ್ತಿದ್ದರು.

ಐದಕ್ಕೆ ಕಾಲು ಗಂಟೆ ಇರುವಾಗ ನಾಲ್ವರೂ ಎದ್ದು ನಿಂತರು. ವೇದಿಕೆಯ ಹಿಂದೆ ಬಚ್ಚಲಿಲ್ಲ, ಹಿತ್ತಿಲಿಲ್ಲ. ಸಾಮಾನಿನ ಖಾಲಿ ಪೆಟ್ಟಿಗೆಗಳ ಒಂದು ಗೋಡೆಯಿತ್ತು. ಯಾರೂ ನೋಡದಾಗ ಅದರ ಹಿಂದೆ ಹೋಗಿ ಕೂತೆ. ಕೂತದ್ದೇ ತಡ, ಕೆಲಸದವರು ಇನ್ನಷ್ಟು ಪೆಟ್ಟಿಗೆ ತಳ್ಳಿಕೊಂಡು ಬಂದು ನಾನು ಹೊಕ್ಕ ಸಂದಿಗೇ ಇಟ್ಟು ಹೋದರು. ನಾಲ್ಕು ಪೆಟ್ಟಿಗೆ. ನಿಮ್ಮಪ್ಪ ಹೇಳುವ ಹಾಗೆ ಇಪ್ಪತ್ತಲ್ಲ.

ಸ್ವಲ್ಪ ಹೊತ್ತಿಗೆ "ಅಜ್ಜಿ, ಅಜ್ಜಿ" ಎಂದು ಕರೆಯುವುದು ಕೇಳಿಸಿತು. ನೀವಿನ್ನೂ ಹುಟ್ಟಿರಲಿಲ್ಲ, ಆದರೂ ನನ್ನನ್ನು ಮೊದಲು ಅಜ್ಜಿ ಎಂದು ಕರೆದವರು ಅವರೇ. ನಾನು ಇನ್ನಷ್ಟು ಮುದುಡಿ ಕೂತೆ. ಡೂಗಿ ಹೊತ್ತಾಯಿತೆಂದು ಕೂಗಿದ. ಕ್ಯಾಲಮ್ ಏನೋ ಗಟ್ಟಿಯಾಗಿ ಹೇಳಿದ. ಆಮೇಲೆ ಪೆಟ್ಟಿಗೆಯ ಹತ್ತಿರವೇ ವಿದ್ಯಾಳ ದನಿ ಬಂತು.

"ಅಮ್ಮ, ಎಲ್ಲಿದ್ದಿ?"

ಮಗಳೇ ಕರೆದಳಲ್ಲ. ತಡೆಯಲಿಕ್ಕಾಗಲಿಲ್ಲ. "ಇಲ್ಲೇ ಇದ್ದೇನೆ. ಅವರು ಹೋಗಲಿ, ಆಮೇಲೆ ಬರ್ತೇನೆ."

"ಅಲ್ಲಿ ಎಂತ ಮಾಡ್ತಿದ್ದಿ? ನಿನ್ನನ್ನು ನೋಡದೆ ಹತ್ತೋದಿಲ್ಲ ಅಂತ ಕೂತಿದ್ದಾರೆ ಅವರು."

"ನನ್ನನ್ನು ನೋಡಿ ಹತ್ತಬಾರದು ಅಂತಲೇ ಕೂತದ್ದು ಮಾರಾಯ್ತಿ."

ಅವಳಿಗೆ ಅರ್ಥವಾಯಿತು. ಪಾಚಿ ಓದಿದವಳಾದರೂ ನಮ್ಮ ಮನೆಯಲ್ಲಿ ಬೆಳೆದವಳೇ.

"ಅಮ್ಮ, ಆ ಔಷಧಿ... ಹೊಟ್ಟೆಗೆ ಎಂತದೂ ಆಗಿರಲಿಲ್ಲ ಅಲ್ವಾ?"

"ಇಲ್ಲ."

"ಎರಡು ತಿಂಗಳು?"

"ಎಡಿನ್‌ಬರೋಕ್ಕೆ ಹೋಗುವಾಗ ಎದುರು ಬಂದಿದ್ದೆ. ಹೊಗೆ ನೋಡಲಿಲ್ವಾ ನೀನು?"

ಅವಳು ಅತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಯಾರೂ ನಗಲಿಲ್ಲ. ಐಲ್ಸಾ ಏನೇನೋ ಅವಸರದಲ್ಲಿ ಹೇಳಿದ್ದನ್ನು ವಿದ್ಯಾ ನನಗೆ ದಾಟಿಸಿದಳು.

"ಅವತ್ತು ಶೌಚಾಲಯ ಹುಡುಕಿಕೊಂಡು ಬಂದಿದ್ದನಲ್ಲ ಕೋಟಿನವನು, ಅವನು ರೇಡಿಯೋದವನು ಅಮ್ಮ. ಆಂಪ್ಲಿಫೈಯರ್ ಸುಟ್ಟು ಐಲ್ಸಾ ಬರೀ ಗಂಟಲಲ್ಲಿ ಹಾಡಿದ್ದಕ್ಕೇ ಅವನು ನಿಂತದ್ದಂತೆ. ಆ ಹಾಡನ್ನು ಹಾಕಿದ್ದು ಅವನೇ. ಇವರು ಅದನ್ನೆಲ್ಲ ನೀನು ಮೆಟ್ಟಿಲಲ್ಲಿ ಎದುರು ಬಂದ ದಿನದಿಂದಲೇ ಲೆಕ್ಕ ಹಿಡಿಯೋದು. ನೀನು ಬಚ್ಚಲಲ್ಲಿ ಕೂತಾಗೆಲ್ಲ ಇವರು ಹೊರಗೆ ಕಾದು ಕಾದು ಬೇಜಾರಲ್ಲಿ ಹೋಗ್ತಿದ್ದರು."

ಎರಡು ತಿಂಗಳು ಬಾಗಿಲಿನ ಒಳಗೊಂದು ಮೂಢನಂಬಿಕೆ, ಹೊರಗೊಂದು. ಆದರೂ ನನ್ನ ಕಾಲು ಏಳಲಿಲ್ಲ. ಕೆಟ್ಟರೆ ಅವರದ್ದು ಕೆಡುವುದು, ನನ್ನದಲ್ಲ. ಆಗ ಪೆಟ್ಟಿಗೆಗಳ ಸಂದಿಯಲ್ಲಿ, ನೆಲದ ಮಟ್ಟದಲ್ಲಿ, ಒಂದು ಮುಖ ಕಾಣಿಸಿತು. ಬಾಗಿಲಿಗಿಂತ ಎತ್ತರದ ಅಳಿಯ ಕೆಸರಿನಲ್ಲಿ ಬೋರಲು ಮಲಗಿ ತಲೆ ತೂರಿಸಿದ್ದ. ಹೆದರಿಕೆಗೆ ಮುಖ ಸುಣ್ಣದ ಹಾಗಾಗಿತ್ತು. ಅವನಿಗೆ ಬರುವ ಕನ್ನಡ ನಿಮಗೆ ಗೊತ್ತೇ ಇದೆ.

"ಊಟ ಆಯ್ತಾ?" ಎಂದ.

ನನಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಅಡಗಿ ಕೂರಲು ಬರುವುದಿಲ್ಲ.

ಪೆಟ್ಟಿಗೆ ಸರಿಸಿದರು. ವೇದಿಕೆಗೆ ಹತ್ತುವ ಇಳಿಜಾರಿನ ಬುಡದಲ್ಲಿ ನನ್ನನ್ನು ನಿಲ್ಲಿಸಿ ಒಬ್ಬೊಬ್ಬರೇ ಎದುರು ಬಂದು, ಮುಖ ನೋಡಿ ಹತ್ತಿದರು. ವೇದಿಕೆ ಹತ್ತಬೇಕಾಗಿಲ್ಲದ ಡೂಗಿಯೂ ಸಾಲಿನಲ್ಲಿ ಬಂದು ನೋಡಿ ಹೋದ.

ಮೊದಲನೇ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದು ಬಸ್ಸಿನ ಹಾಡು. ಅರ್ಧಕ್ಕೆ ಬಂದಾಗ ಮೈಕು, ಗಿಟಾರು, ಬಸ್‌ಸ್ಟ್ಯಾಂಡಿನಷ್ಟು ಎತ್ತರದ ಸ್ಪೀಕರು ಎಲ್ಲ ಒಮ್ಮೆಗೇ ಸತ್ತವು. ಐಲ್ಸಾಳ ಬಾಯಿ ಆಡುತ್ತಿತ್ತು, ದನಿಯಿಲ್ಲ. ವಿದ್ಯಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ನಾನು ಓಡಿಹೋಗುತ್ತೇನೆಂದು ಅವಳಿಗೆ ಅನುಮಾನ. ಅನುಮಾನ ಸರಿಯಾಗಿಯೇ ಇತ್ತು. ಮೈಕಿನ ಮನೆಯವಳಿಗೆ ಆ ಮೌನ ಗೊತ್ತು. ಇನ್ನು ಶಿಳ್ಳೆ ಶುರುವಾಗುತ್ತದೆ, ಆಮೇಲೆ ಕಲ್ಲು.

ಶಿಳ್ಳೆ ಬರಲಿಲ್ಲ. ಒಂದು ಸದ್ದು ನಿಂತಿರಲಿಲ್ಲ, ಡ್ರಮ್ಮಿನದು. ಡ್ರಮ್ಮಿಗೆ ವಯರು ಬೇಡವಲ್ಲ. ಕ್ಯಾಲಮ್ ತಲೆಯೆತ್ತದೆ ಬಾರಿಸುತ್ತಲೇ ಇದ್ದ, ಡೈರೆಕ್ಟರಿಯ ಮೇಲೆ ಬಾರಿಸಿದಷ್ಟೇ ಸಣ್ಣಗೆ ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಆ ಗಡ್ಡದವನು ಹಾಡು ಎತ್ತಿಕೊಂಡ. ಅವನ ಹಿಂದಿನವರು, ಅವರ ಹಿಂದಿನವರು, ಕೊನೆಗೆ ಗುಡ್ಡದ ಮೇಲೆ ಕೊಡೆ ಹಿಡಿದು ನಿಂತವರೂ. ಬಾರದ ಬಸ್ಸಿಗೆ ಅಷ್ಟು ಜನ ಒಟ್ಟಿಗೆ ಕಾದದ್ದನ್ನು ನಾನು ಕೊಪ್ಪದಲ್ಲೂ ನೋಡಿಲ್ಲ. ಐಲ್ಸಾ ಮೈಕು ಕೆಳಗಿಟ್ಟು ಕೈಕಟ್ಟಿ ನಿಂತು ಕೇಳಿದಳು. ನನ್ನ ಕಿವಿಯ ಹತ್ತಿ ಯಾವಾಗ ತೆಗೆದೆನೋ ಗೊತ್ತಿಲ್ಲ.

ಹಾಡು ಮುಗಿಯುವ ಹೊತ್ತಿಗೆ ಕರೆಂಟು ಬಂತು. ಕೆಸರಿನಲ್ಲಿ ಯಾರದೋ ಬೂಟು ಸಿಕ್ಕಿ ದೊಡ್ಡ ವಯರು ಕಿತ್ತು ಬಂದಿತ್ತಂತೆ. ಅದನ್ನು ಸರಿಮಾಡಿದವನು ವಯರಿನ ತುದಿ ಎತ್ತಿ ತನ್ನವರಿಗೆ ತೋರಿಸುತ್ತಿದ್ದ, ಥೇಟ್ ಭಂಡಿಗಡಿಯ ಚಪ್ಪರದಲ್ಲಿ ನಿಮ್ಮ ಅಜ್ಜ ತೋರಿಸಿದ ಹಾಗೆ. ವಯರಿಗೆ ಕಣ್ಣಿಲ್ಲ ಮಾರಾಯ್ರೆ. ಮರೆತೇ ಹೋಗಿದ್ದ ಆ ಮಾತು ಅಷ್ಟು ದೂರದ ಆ ಬಯಲಿನಲ್ಲಿ ಅವರದೇ ದನಿಯಲ್ಲಿ ಕೇಳಿಸಿತು.

ಆ ಹಾಡನ್ನು ಟಿವಿಯಲ್ಲಿ ಎಷ್ಟೋ ಸಲ ತೋರಿಸಿದರಂತೆ. ನಿಮ್ಮಪ್ಪ ಬೇಕರಿ ಬಿಟ್ಟ ಕಥೆ ನಿಮಗೆ ಗೊತ್ತು. ನಾನು ಅವತ್ತು ಸಂಜೆ ಮಾಡಿದ್ದು ವಯರು ಸುತ್ತುವ ಕೆಲಸ, ಐಲ್ಸಾಳ ಜೊತೆ ಕೂತು. ಅವಳಿಗೆ ಈಗ ಚೆನ್ನಾಗಿ ಬರುತ್ತದೆ.

ಮತ್ತೆ ಕೊಪ್ಪ

ಬಂದು ನಾಲ್ಕು ದಿನವಾಗಿತ್ತು. ಗೇಟಿನ ಹತ್ತಿರ ಹೂ ಕೊಯ್ಯುತ್ತಿದ್ದೆ. ಜಲಜಕ್ಕನ ಮಗಳು ಸುಮಾ ಫೈಲು ಹಿಡಿದು, ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಹೊರಗೆ ಬಂದಳು. ಚಿಕ್ಕಮಗಳೂರಿನಲ್ಲಿ ಕೆಲಸದ ಇಂಟರ್‌ವ್ಯೂ. ನನ್ನ ಕಾಲು ಹಿತ್ತಿಲ ಕಡೆ ತಿರುಗಿತು. ಹಿಡಿದು ನಿಲ್ಲಿಸಿದೆ.

"ಹೊರಟ್ಯಾ ಸುಮಾ?"

"ಹೌದು ಅತ್ತೆ."

"ಹೋಗಿ ಬಾ."

ಜಲಜಕ್ಕ ಒಳಗಿನಿಂದ ನೋಡಿದಳು. ಬಸ್ಸು ಬಾಳೆಹೊನ್ನೂರಿನ ಹತ್ತಿರ ಪಂಕ್ಚರ್ ಆಯಿತು. ಆ ಕೆಲಸ ಅವಳಿಗೆ ಸಿಗಲೂ ಇಲ್ಲ. ಎರಡು ದಿನ ಜಲಜಕ್ಕ ನನ್ನ ಕಡೆ ಮುಖ ಮಾಡಲಿಲ್ಲ. ನಾನು ರಾತ್ರಿಯಿಡೀ ಯೋಚಿಸಿ, ಟಯರಿಗೂ ಕಣ್ಣಿಲ್ಲ ಎಂದು ತೀರ್ಮಾನ ಮಾಡಿದೆ. ಮುಂದಿನ ತಿಂಗಳು ಇನ್ನೊಂದು ಇಂಟರ್‌ವ್ಯೂಗೆ ಹೊರಟಾಗ ಸುಮಾ ತಾನೇ ನನ್ನ ಬಾಗಿಲು ತಟ್ಟಿದಳು. "ಅತ್ತೆ, ಹೊರಟೆ. ಹೊರಗೆ ಬನ್ನಿ" ಎಂದಳು. ಅಷ್ಟೇ. ಕೆಲಸ ಸಿಕ್ಕಿತೋ ಇಲ್ಲವೋ ಎಂದು ಬರೆಯುವುದಿಲ್ಲ. ಬರೆದರೆ ನೀವೂ ನಿಮ್ಮಪ್ಪನ ಹಾಗೆ ಲೆಕ್ಕ ಹಿಡಿಯಲು ಶುರುಮಾಡುತ್ತೀರಿ.

ಮಕ್ಕಳೇ, ಈ ಹಾಳೆಗಳನ್ನು ಇಲ್ಲಿ ಇಟ್ಟರೆ ಒಂದು ಮಳೆಗಾಲಕ್ಕೆ ನಿಮ್ಮಮ್ಮ ಓದುವ ಪಾಚಿ ಹತ್ತುತ್ತದೆ. ಅದಕ್ಕೇ ನಿಮಗೆ ಕಳಿಸುತ್ತಿದ್ದೇನೆ. ನಿಮ್ಮಪ್ಪನ ಡ್ರಮ್ಮಿನ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಚೀಲವಿದೆ, ಒಣಗಿರುತ್ತದೆ, ಅದರಲ್ಲಿಡಿ. ಮಡಚುವಾಗ ಹಳೆಯ ಮಡಿಕೆಯಲ್ಲೇ ಮಡಚಿ. ಮುಂದೆ ನೀವು ಪರೀಕ್ಷೆಗೋ ಕೆಲಸಕ್ಕೋ ದೂರದ ಊರಿಗೋ ಹೊರಟಾಗ ನಾನು ಇರುತ್ತೇನೋ ಇಲ್ಲವೋ. ಬಾಗಿಲು ದಾಟುವ ಮೊದಲು ಇದನ್ನು ಒಮ್ಮೆ ತೆಗೆದು ನೋಡಿ. ಅಜ್ಜಿ ಎದುರು ಬಂದ ಹಾಗಾಯಿತು.